ಬಾವನ ಪರವಾಗಿ ಅಕ್ಕ

ಸರ್ಕಾರಿ ದವಾಖಾನೆಯಲ್ಲಿ ಆರೋಗ್ಯ ಸಹಾಯಕನಾಗಿ ಹೊಟ್ಟೆ ಹೊರೆದವನಿಗೆ ನಗೆ ಪ್ರಸಂಗಗಳಿಗೇನೂ ಬರವಿಲ್ಲ, ದಿನಾ ಒಂದಿಲ್ಲೊಂದು ನಡೆದೇ ನಡೆಯುತ್ತದೆ. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಗಂಡಸರಿಗೆ ಬುದ್ಧಿ ಹೇಳುವ ಕೆಲಸ. ಬೀಡಿ ಬಿಡಿ, ಕಂಡಕಂಡಲ್ಲಿ ಉಗುಳಬೇಡಿ, ಕೆಮ್ಮು ನಿಲ್ಲದಿದ್ದರೆ ಬಂದು ತೋರಿಸಿ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ತಲೆದೂಗುತ್ತಿತ್ತೇನೋ. ನಮ್ಮ ಬಳ್ಳಾರಿ ಸೀಮೆಯ ಗಂಡಸು ಬಿಸಿಲಿಗೆ ಹೆದರುವವನಲ್ಲ, ಪೊಲೀಸರಿಗೂ ಅಷ್ಟಾಗಿ ಹೆದರುವವನಲ್ಲ. ಡಾಕ್ಟರ ಮುಂದೆ ಅಂಗಿ ಬಿಚ್ಚಪ್ಪಾ ಅಂದರೆ ಮಾತ್ರ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ಸರಿಯುತ್ತಾನೆ.

ಇವನ್ನೆಲ್ಲ ಹೇಳಿದರೆ ಜನ ನಗುತ್ತಾರೆ. ನಗಲಿ. ನಮ್ಮಕ್ಕನಿಗೂ ನಗುವುದೆಂದರೆ ಬಹಳ ಇಷ್ಟವಿತ್ತು.

ಜೀಪು ಬಂತು

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಕುರುಗೋಡಿನಲ್ಲಿದ್ದೆ. ಆ ದಿನಗಳಲ್ಲಿ ದವಾಖಾನೆಯ ಜೀಪು ಬಂತೆಂದರೆ ಹಳ್ಳಿಯವರಿಗೆ ಒಂದೇ ಅರ್ಥ: ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸುತ್ತಾರೆ. ಇಂಥ ಕಾಲದಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಗಂಡಸರ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮ ಡಾಕ್ಟರಿಗೆ ಮನಸ್ಸಾಯಿತು. ಹಿಂದಿನ ದಿನ ಡಂಗುರ ಹೊಡೆಸಿದೆವು. ಡಂಗುರದವನು ತನಗೆ ತಿಳಿದ ಹಾಗೆ ಕೂಗಿದ.

"ನಾಳೆ ಮುಂಜಾನಿ ಗಂಡಸ್ರೆಲ್ಲಾ ಗುಡಿ ಮುಂದ ಸೇರಬೇಕು! ದವಾಖಾನಿ ಜೀಪು ಬರ್ತೈತಿ!"

ಇನ್ನು ಕೇಳಬೇಕೆ? ನಾವು ಹೋಗುವಷ್ಟರಲ್ಲಿ ಊರಲ್ಲಿ ಮೀಸೆ ಇದ್ದವರು ಒಬ್ಬರೂ ಇರಲಿಲ್ಲ. ಕೆಲವರು ಜೋಳದ ಹೊಲ ಸೇರಿದ್ದರು, ಕೆಲವರು ಗುಡ್ಡ ಹತ್ತಿದ್ದರು. ಗುಡಿಯ ಮುಂದೆ ಹೆಂಗಸರು ಮಾತ್ರ ಸೆರಗು ಹೊದ್ದು ಸಾಲಾಗಿ ಕೂತಿದ್ದರು.

ಡಾಕ್ಟರು, "ಗಂಡಸರೆಲ್ಲಿ?" ಅಂದರು.

ಮುಂದೆ ಕೂತಿದ್ದ ಮುದುಕಿ, "ಅವರ್ನ ತಗೊಂಡು ಏನ್ ಮಾಡ್ತೀರಿ ಯಪ್ಪಾ? ಅವರ ಬ್ಯಾನಿ ಎಲ್ಲಾ ನಮಗ ಗೊತ್ತೈತಿ. ಕೇಳ್ರಿ, ಹೇಳ್ತೀವಿ" ಅಂದಳು.

ಹೇಳಿಯೂ ಹೇಳಿದರು. ಯಾರ ಗಂಡನಿಗೆ ಸೊಂಟ ಹಿಡಿದಿದೆ, ಯಾರ ಗಂಡನಿಗೆ ಮೂಲವ್ಯಾಧಿ, ಯಾರು ಬೀಡಿ ಸೇದಿ ಸೇದಿ ಗೊರಗೊರ ಅನ್ನುತ್ತಾರೆ, ಎಲ್ಲ ಬಂತು. ಡಾಕ್ಟರು ಬೇರೆ ದಾರಿ ಕಾಣದೆ ಗಂಡಸರಿಗೆ ಹೇಳಬೇಕಾದ ಬುದ್ಧಿಮಾತನ್ನೆಲ್ಲ ಹೆಂಗಸರಿಗೇ ಹೇಳಿ, ಮನೆಗೆ ಹೋಗಿ ತಿಳಿಸಿ ಎಂದರು.

ಮರುದಿನ ಆ ಊರಿನ ದಾರಿಯಲ್ಲಿ ಒಬ್ಬ ರೈತ ಸಿಕ್ಕ. ನಿನ್ನೆ ಹೇಳಿದ್ದು ಮನೆಯಲ್ಲಿ ತಿಳಿಸಿದರೇನಪ್ಪಾ ಅಂದೆ.

"ತಿಳ್ಸಿದ್ಳ್ರಿ. ಭಾಳ ಚಲೋ ಮಾತು ಹೇಳೀರಿ" ಎಂದು ಬೀಡಿ ಹಚ್ಚಿಕೊಂಡ. "ನಿನ್ನಿಯಿಂದ ನಮ್ಮಾಕಿ ತಂಬಾಕ ತಿನ್ನೋದು ಬಿಟ್ಟಾಳ."

ಅವರ ಉಸಿರು ಬೇರೆ

ಇದನ್ನು ಹೇಳಿಕೊಂಡು ನಾನು ಬಹಳ ದಿನ ನಕ್ಕೆ. ಆಮೇಲೆ ನನಗೆ ಬಳ್ಳಾರಿಯ ಕ್ಷಯರೋಗದ ದವಾಖಾನೆಗೆ ವರ್ಗವಾಯಿತು, ಕೌಲ್ ಬಜಾರಿನಲ್ಲಿ ಮನೆ ಮಾಡಿದೆ. ಅಲ್ಲಿಗೆ ಒಂದು ದಿನ ಸಿರುಗುಪ್ಪದ ಬಸ್ಸಿಳಿದು ಅಕ್ಕ ಬಂದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮಕ್ಕಳನ್ನೂ ಕರೆತಂದಿಲ್ಲ. ನೀರು ಕುಡಿದು, "ತಮ್ಮಾ, ನಿಮ್ಮ ಡಾಕ್ಟರ ಹತ್ರ ಕರ್ಕೊಂಡು ನಡಿ. ನಿಮ್ಮ ಬಾವಗ ಕೆಮ್ಮು" ಅಂದಳು.

ಬಾವ ಸಿರುಗುಪ್ಪದಲ್ಲಿ ಭತ್ತದ ದಲ್ಲಾಳಿ. ಅಂಗೈಯಲ್ಲಿ ನಾಲ್ಕು ಕಾಳು ಹಾಕಿಕೊಂಡು, ಒಂದನ್ನು ಹಲ್ಲಲ್ಲಿ ಕಡಿದು, ಇದು ಯಾವ ಕಾಲುವೆಯ ನೀರು ಕುಡಿದ ಭತ್ತ ಅನ್ನುವ ಗಟ್ಟಿಗ. ಸಿರುಗುಪ್ಪದಲ್ಲೇ ದವಾಖಾನೆ ಇತ್ತು. ಅಲ್ಲಿಗೆ ಹೋದರೆ ಮಿಲ್ಲಿನವರೆಲ್ಲ ನೋಡುತ್ತಾರೆ, ಇಲ್ಲಿಗೆ ಬಂದರೆ ಬಸ್ಸಿನವರು ನೋಡುತ್ತಾರೆ. ಹಾಗಾಗಿ ಅಕ್ಕನನ್ನು ಕಳಿಸಿದ್ದರು.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಒಳ್ಳೆಯವರು, ಆದರೆ ಸದಾ ಅವಸರ. ಅಕ್ಕ ಅವರ ಮುಂದೆ ಸ್ಟೂಲಿನ ಮೇಲೆ ಕೂತು, "ನಮ್ಮನಿಯವರಿಗೆ ಸಂಕ್ರಾಂತಿಯಿಂದ ಕೆಮ್ಮು ರೀ" ಎಂದು ಶುರುಮಾಡಿದಳು.

"ಸಂಜೆ ಜ್ವರ ಬರುತ್ತಾ?"

"ಬರ್ತೈತ್ರಿ. ಬೆಳಕು ಹರಿಯೋದ್ರಾಗ ಅಂಗಿ ತೋಯ್ದು ತೊಪ್ಪಿ ಆಗಿರ್ತೈತಿ."

"ಹಸಿವು?"

"ರೊಟ್ಟಿ ಮುರ್ದು ಕೈಯಾಗ ಹಿಡ್ಕೊಂಡು ಕುಂದರ್ತಾರ. ನಾನು ಬೈದ್ರ ನುಂಗ್ತಾರ."

"ಎದೆ ಎಲ್ಲಿ ನೋಯುತ್ತೆ?"

ಅಕ್ಕ ತನ್ನ ಬಲಪಕ್ಕೆಯನ್ನೇ ಒತ್ತಿ ತೋರಿಸಿದಳು. ಸ್ವಂತ ನೋವನ್ನೂ ಯಾರೂ ಅಷ್ಟು ನಿಖರವಾಗಿ ತೋರಿಸಲಾರರು. ಡಾಕ್ಟರು ಅಭ್ಯಾಸಬಲದಿಂದ ಕೊಳವೆ ಕಿವಿಗಿಟ್ಟು, ಅವಳ ಬೆನ್ನಿಗೆ ಹಚ್ಚಿ, "ಜೋರಾಗಿ ಉಸಿರೆಳೀಮ್ಮಾ" ಅಂದುಬಿಟ್ಟರು.

ಅಕ್ಕ ತಿರುಗಿ ನೋಡಿದಳು. "ನಂದ್ಯಾಕ್ರಿ? ಅವರ ಉಸ್ರು ಬ್ಯಾರೆ ಐತಿ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಅವಳು ಹೊರಗೆ ಹೋದ ಮೇಲೆ ಡಾಕ್ಟರು ನನ್ನನ್ನು ಕರೆದು, "ನಿಮ್ಮ ಬಾವನಿಗೆ ಔಷಧಿ ಇದೆ, ಗುಣ ಮಾಡಬಹುದು. ನನಗೆ ಚಿಂತೆ ನಿಮ್ಮ ಅಕ್ಕಂದು. ಅವರು ಕೆಮ್ಮಿದ್ದನ್ನೆಲ್ಲ ಉಸಿರಾಡ್ತಾ ಇರೋಳು ಇವಳು. ಬೇಗ ಅವರನ್ನ ಕರೆತನ್ನಿ" ಅಂದರು. ಅವತ್ತಿನಿಂದ ನನಗೂ ಅದೊಂದೇ ಚಿಂತೆಯಾಯಿತು.

ಹೊಸ ತಟ್ಟೆ

ಅವತ್ತೇ ಅಕ್ಕನನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದೆ. ಕಿಟಕಿ ತೆಗೆದಿಡು, ಮಕ್ಕಳನ್ನು ಅತ್ತೆಯ ಹತ್ತಿರ ಮಲಗಿಸು, ಬಾವ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಎಲ್ಲದಕ್ಕೂ ಹೂಂ ಅಂದಳು. ಅವರ ತಟ್ಟೆ ಬೇರೆ ಇಡು ಅಂದಾಗ ಮಾತ್ರ ಮುಖ ಸಣ್ಣದು ಮಾಡಿದಳು. ಗಂಡ ಉಂಡೆದ್ದ ತಟ್ಟೆಯಲ್ಲೇ ಹೆಂಡತಿ ಉಣ್ಣುವುದು ಅವರ ಮನೆಯಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ. ಅವಳ ಅತ್ತೆ ಹಾಗೇ ಉಂಡಿದ್ದರು, ಅತ್ತೆಯ ಅತ್ತೆಯೂ ಹಾಗೇ ಉಂಡಿದ್ದರಂತೆ.

"ಪದ್ಧತಿ ಆಮ್ಯಾಲೆ, ಮೊದಲು ಜೀವ. ಹೊಸಾದೊಂದು ತಟ್ಟಿ ತಗೋ" ಎಂದು ಗದರಿದೆ.

ಮುಂದಿನ ಸಲ ಬಂದಾಗ ಮೊದಲು ಕೇಳಿದ್ದೇ ಅದನ್ನು. ಅಕ್ಕ ಹೆಮ್ಮೆಯಿಂದ ಹೇಳಿದಳು. "ನೀ ಹೇಳಿದ ಮ್ಯಾಲೆ ಬಿಡ್ತೀನೇನೋ? ಹೊಸಾ ಸ್ಟೀಲ್ ತಟ್ಟಿ ತಂದೀನಿ. ಅವರ ಹೊರ್ತು ಯಾರ್ಗೂ ಅದ್ರಾಗ ನೀಡಂಗಿಲ್ಲ."

"ಚಲೋ ಮಾಡ್ದಿ."

"ಹೂಂ. ಅಗಲಾಗಿ ಐತಿ ನೋಡು, ಅವರು ಉಂಡೆದ್ದ ಮ್ಯಾಲೆ ನನಗೂ ಉಣ್ಣಾಕ ಸಲೀಸು."

ಮಾದರಿ

ಬಾವ ಬರಲಿಲ್ಲ. ಬೆಟ್ಟ ಬರದಿದ್ದರೆ ಬೆಟ್ಟದ ಕಲ್ಲಾದರೂ ಬರಲಿ ಎಂದು ಡಾಕ್ಟರು ಅಕ್ಕನ ಕೈಲಿ ಮುಚ್ಚಳದ ಪುಟ್ಟ ಡಬ್ಬಿ ಕೊಟ್ಟು, "ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿದ ಕಫ ಇದರಲ್ಲಿ ಹಿಡಿದು ಕಳಿಸ್ಲಿ. ಮಾದರಿ ನೋಡಿದರೆ ಸಾಕು" ಅಂದರು.

ಡಬ್ಬಿ ಬಂತು. ಶುಭ್ರವಾದ ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಗಂಟು ಹಾಕಿ, ಪ್ರಸಾದ ಕಳಿಸಿದಂತೆ ಕಳಿಸಿದ್ದರು. ಪರೀಕ್ಷೆ ಮಾಡಿದರೆ ಏನೂ ಇಲ್ಲ. ಡಾಕ್ಟರಿಗೆ ಅನುಮಾನ ಬಂದು ಇನ್ನೊಂದು ತರಿಸಿದರು. ಅದರಲ್ಲೂ ಏನಿಲ್ಲ. ಅತ್ತ ಅಕ್ಕ ಮಾತ್ರ ಬಾವನ ಧೋತ್ರದ ಗಂಟು ದಿನದಿನಕ್ಕೆ ಒಳಗೆ ಹೋಗುತ್ತಿದೆ ಅನ್ನುತ್ತಿದ್ದಳು.

ತಡೆಯಲಾರದೆ ನಾನೇ ಸಿರುಗುಪ್ಪಕ್ಕೆ ಹೋದೆ. ಅಂಗಡಿಯಲ್ಲಿ ಬಾವ ಸುಗ್ಗಿಯ ಗಡಿಬಿಡಿಯಲ್ಲಿದ್ದರು. ಸಿರಿಗೇರಿಯ ರೈತನೊಬ್ಬ ತಂದ ಭತ್ತವನ್ನು ಮಿಲ್ಲಿಗೆ ತೋರಿಸಲೆಂದು ಮಾದರಿ ತೆಗೆಯುತ್ತಿದ್ದರು. ಚೀಲದ ನಡುವಿನಿಂದ ಒಂದು ಹಿಡಿ ತೆಗೆದು, ಜೊಳ್ಳು ಊದಿ, ಕಲ್ಲು ಆರಿಸಿ, ಕಪ್ಪು ಕಾಳನ್ನೆಲ್ಲ ಹೆಕ್ಕಿ ಎಸೆದರು. ಉಳಿದದ್ದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಗಂಟು ಹಾಕಿದರು.

ಆ ಗಂಟು ನೋಡಿದ್ದೇ ನನಗೆ ಕಫದ ಡಬ್ಬಿಯ ಗಂಟು ನೆನಪಾಯಿತು. ಅವರನ್ನು ಪಕ್ಕಕ್ಕೆ ಕರೆದು, "ಬಾವಾ, ಡಬ್ಬ್ಯಾಗ ಕಳಿಸಿದ್ದು ಯಾರ ಕಫ?" ಅಂದೆ.

ಬಾವ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು. "ನಂದು ಕಳಸಾಕ ಬರ್ತೈತೇನೋ? ನಂದ್ರಾಗ ಕೆಂಪು ಬೀಳಾಕತ್ತೈತಿ. ಸರ್ಕಾರದೋರು ಮಾದರಿ ಕೇಳ್ಯಾರ, ಅಂಥಾದ್ದು ಕಳಿಸಿದ್ರ ನಮ್ಮ ಮರ್ಯಾದಿ ಏನಾಗ್ಬೇಕು? ನಮ್ಮ ಹಮಾಲಿ ಅದಾನಲ್ಲ, ಗುಂಡುಕಲ್ಲಿನಂಥಾ ಮನಿಷ್ಯಾ, ಅವನ್ದು ಕಳಿಸಿದ್ದೆ."

"ಎರಡನೇ ಸಲ?"

"ಅವತ್ತು ಅವನು ಬಂದಿದ್ದಿಲ್ಲ. ಗುಮಾಸ್ತನ್ದು ಕಳಿಸಿದೆ."

ಕಫದಲ್ಲಿ ರಕ್ತ ಬೀಳುವ ಮನುಷ್ಯ ನನ್ನ ಮುಂದೆ ನಿಂತು ಹಮಾಲಿಯ ಆರೋಗ್ಯ ಹೊಗಳುತ್ತಿದ್ದಾನೆ. ಬಾವ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ಎರಡೂ ಸಲ ಮಾಲು ಪಾಸಾಗೈತಿಲ್ಲೋ? ಮತ್ಯಾಕ ಮಾರಿ ಸಣ್ಣ ಮಾಡ್ಕೊಂಡಿ?"

ತತ್ತಿ

ಕೊನೆಗೆ ನಿಜವಾದ ಮಾದರಿ ತಂದವಳು ಅಕ್ಕನೇ. ಬೆಳಿಗ್ಗೆ ಬಾವ ಬಚ್ಚಲಲ್ಲಿ ಕೆಮ್ಮುವಾಗ ಡಬ್ಬಿ ಹಿಡಿದು ಎದುರು ನಿಂತು, "ಇದ್ರಾಗ ಉಗುಳ್ರಿ, ಇಲ್ಲಾಂದ್ರ ನಾನು ತವರುಮನಿಗೆ ಹೋಗ್ತೀನಿ" ಅಂದಳಂತೆ. ರೋಗ ಇರುವುದು ಖಾತ್ರಿಯಾಯಿತು. ಸೂಜಿ, ಮಾತ್ರೆ ಶುರುವಾದವು. ಸೂಜಿ ಹಾಕಲು ಕಾಂಪೌಂಡರನನ್ನು ಹಿತ್ತಲ ಬಾಗಿಲಿನಿಂದ ಕರೆಸುತ್ತಿದ್ದರು, ಮಾತ್ರೆ ಒಯ್ಯಲು ಪ್ರತಿ ತಿಂಗಳೂ ಅಕ್ಕನೇ ಬಸ್ಸು ಹತ್ತುತ್ತಿದ್ದಳು.

ಡಾಕ್ಟರು, "ಹಾಲು, ಮೊಟ್ಟೆ ಚೆನ್ನಾಗಿ ಕೊಡಮ್ಮಾ" ಅಂದಿದ್ದರು. ಲಿಂಗವಂತರ ಮನೆ, ಮೊಟ್ಟೆಯ ಹೆಸರೆತ್ತಿದರೆ ನೀರು ಚಿಮುಕಿಸುವ ಅತ್ತೆ. ಅಕ್ಕ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮಗ್ಗುಲಿಗೆ ಹರಿದ ಚಾಪೆ ಮರೆಮಾಡಿ, ಹಳೆಯ ತಂಬಿಗೆಯಲ್ಲಿ ಮೊಟ್ಟೆ ಬೇಯಿಸಲು ಕಲಿತಳು. ಸಿಪ್ಪೆ ಬಿಡಿಸುವಾಗ ಮುಖ ಆಚೆ ತಿರುಗಿಸುತ್ತಿದ್ದಳಂತೆ. ಬಾವ ಕಣ್ಣು ಮುಚ್ಚಿ, ಶಿವಾ ಎಂದು ನುಂಗುತ್ತಿದ್ದರು.

ಒಂದು ದಿನ ಸಿಪ್ಪೆ ಹೂಳುವಾಗ ಅತ್ತೆ ಹಿಂದೆ ಬಂದು ನಿಂತರು. ಮುದುಕಿ ಬಗ್ಗಿ ಸಿಪ್ಪೆ ನೋಡಿದರು.

"ನನಗ ಗೊತ್ತಿಲ್ಲಂತ ಮಾಡೀಯೇನು? ಕೊಡು, ಔಷಧ ಅಂದ್ರ ಔಷಧ. ಆದ್ರ ಉಪ್ಪು ಖಾರ ಹಚ್ಚಬ್ಯಾಡ. ರುಚಿ ಆತಂದ್ರ ಪಾಪ ತಗಲ್ತೈತಿ."

ಆಮೇಲೆ ಕುಪ್ಪಸದ ಕೆಳಗೆ ಎದ್ದ ಸೊಸೆಯ ಎಲುಬನ್ನು ನೋಡಿ, ನೀನೂ ಒಂದು ತಿನ್ನು ಅಂದರಂತೆ. ಅಕ್ಕ ಹಲ್ಲಿ ಮೈಮೇಲೆ ಬಿದ್ದವಳಂತೆ ಚೀರಿ ಒಳಗೆ ಓಡಿದಳಂತೆ. ಇದನ್ನು ಅವಳು ನನಗೆ ಹೇಳಿ ಎಷ್ಟು ನಕ್ಕಳೆಂದರೆ, ನಗು ಕೆಮ್ಮಾಗಿ ತಿರುಗಿ ಗೋಡೆ ಹಿಡಿದು ನಿಲ್ಲಬೇಕಾಯಿತು.

ತೋರಿಸಿದ ಕೆಮ್ಮು

ಬಾವ ಗುಣವಾಗುತ್ತ ಬಂದರು. ಕೆಮ್ಮು ಹೋಯಿತು, ಕೆನ್ನೆ ತುಂಬಿತು, ಧೋತ್ರದ ಗಂಟು ಮುಂದಕ್ಕೆ ಬಂತು. ಕೆಮ್ಮು ನಿಂತ ಮೇಲೆ ಮಾತ್ರೆ ಯಾಕೆ ಎಂದು ಅವರು ತಕರಾರು ತೆಗೆದರೂ ಅಕ್ಕ ಬಿಡಲಿಲ್ಲ, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನುಂಗಿದ್ದನ್ನು ಬಾಯಿ ತೆರೆಸಿ ನೋಡುತ್ತಿದ್ದಳು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೊಕ್ಕವಾಗಿ ಔಷಧಿ ಮುಗಿಸಿದ ಗಂಡಸನ್ನು ನಾನು ನೋಡಿಲ್ಲ. ಮಕ್ಕಳನ್ನೂ ಪರೀಕ್ಷೆ ಮಾಡಿಸಿದಳು, ಅವಕ್ಕೇನೂ ಇರಲಿಲ್ಲ.

ತನ್ನದು ಮಾತ್ರ ಬೇಡ. ಪ್ರತಿ ಸಲ ಹೇಳಿದೆ, ಬೈದೆ, ಆಣೆ ಇಟ್ಟೆ. "ಇಬ್ರೂ ಮಲಗಿದ್ರ ಒಲಿ ಹಚ್ಚೋರ್ಯಾರೋ? ಮೊದ್ಲು ಅವರ್ದು ಮುಗೀಲಿ, ಆಮ್ಯಾಲೆ ನಂದು" ಅನ್ನುತ್ತಿದ್ದಳು. ರೋಗ ಸರದಿಯಲ್ಲಿ ನಿಂತು ಕಾಯುತ್ತದೆ ಅನ್ನುವಂತೆ.

ಬಾವನ ಮಾತ್ರೆ ಇನ್ನೇನು ಮುಗಿಯಿತು ಅನ್ನುವಾಗ ಬಂದವಳು ಡಾಕ್ಟರ ಮುಂದೆ ಕೂತು, ಬಾಯಿ ತೆರೆಯುವ ಮೊದಲೇ ಕೆಮ್ಮಿದಳು. ಸೆರಗು ಬಾಯಿಗೊತ್ತಿ ಬಹಳ ಹೊತ್ತು ಕೆಮ್ಮಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದೇನಮ್ಮಾ, ನೀನೇ ಕೆಮ್ತಾ ಇದೀಯಲ್ಲ?"

ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಕಣ್ಣೊರೆಸಿಕೊಂಡು ನಕ್ಕಳು.

"ನಂದಲ್ರಿ. ಮೊದ್ಲು ಅವರು ಹೆಂಗ ಕೆಮ್ತಿದ್ರು ಅಂತ ತೋರ್ಸಿದೆ."

ಹೊರಗೆ ಸಾಲಿನಲ್ಲಿ ನಿಂತಿದ್ದವರು ಗೊಳ್ಳೆಂದು ನಕ್ಕರು. ನಾನು ಅವಳ ಮುಷ್ಟಿ ಬಿಡಿಸಿ ಸೆರಗು ನೋಡಿದೆ. ಡಾಕ್ಟರು ಅವತ್ತು ಅವಳನ್ನು ಬಸ್ಸು ಹತ್ತಲು ಬಿಡಲಿಲ್ಲ.

ವಯಸ್ಸು

ಎರಡೂ ಕಡೆಯ ಶ್ವಾಸಕೋಶ ಹಾಳಾಗಿತ್ತು. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಸುದ್ದಿ ಮುಟ್ಟಿದ ದಿನವೇ ಬಾವ ಬಂದರು. ಬೇರೆಯವರ ಕಣ್ಣಿಗೆ ಬೀಳಬಾರದೆಂದು ಅಷ್ಟು ದಿನ ಹೆದರಿದ್ದ ಮನುಷ್ಯ ಬಸ್ ಸ್ಟ್ಯಾಂಡಿನಿಂದ ವಾರ್ಡಿನವರೆಗೆ ಸಿಕ್ಕಸಿಕ್ಕವರನ್ನೆಲ್ಲ ಕ್ಷಯದ ವಾರ್ಡು ಎಲ್ಲಿ ಎಂದು ಕೂಗಿ ಕೇಳಿಕೊಂಡು ಬಂದರು. ನನಗೆ ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಮಾತಾಡಿಸಲಿಲ್ಲ.

ಅಲ್ಲಿನ ಡಾಕ್ಟರು ರೌಂಡ್ಸಿಗೆ ಬಂದಾಗ ಅವರನ್ನು ಕೇಳಿದರು. ನಿಮ್ಮ ಮನೆಯವರಿಗೆ ಜ್ವರ ಎಂದಿನಿಂದ? ಬಾವ ಅಕ್ಕನ ಮುಖ ನೋಡಿದರು. ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು, ಬಾವ ಅದನ್ನೇ ಡಾಕ್ಟರಿಗೆ ಹೇಳಿದರು. ಊಟ ಎಷ್ಟು ಮಾಡ್ತಿದ್ರು? ಮತ್ತೆ ಅಕ್ಕನ ಮುಖ ನೋಡಿದರು. ನೋವು ಎಲ್ಲಿ? ಅದಕ್ಕೂ ಅವಳನ್ನೇ ನೋಡಿದರು. ಪಕ್ಕದ ಹಾಸಿಗೆಯ ಮುದುಕಿಗೂ ನಗು ಬಂತು. "ಇಷ್ಟು ವರ್ಷ ಸಂಸಾರ ಮಾಡಿ ಒಂದೂ ಗೊತ್ತಿಲ್ಲೇನಪ್ಪಾ?" ಅಂದಳು. ಅಕ್ಕ ಗಂಡನನ್ನು ಬಿಟ್ಟುಕೊಡಲಿಲ್ಲ. "ಅವರಿಗೆ ಅಂಗಡಿ ಚಿಂತಿ ಭಾಳ ಇರ್ತೈತಿ ಯವ್ವಾ" ಅಂದಳು.

ಬಾವ ಆಮೇಲೆ ಮನೆಗೆ ಹೋಗಲೇ ಇಲ್ಲ. ಸುಗ್ಗಿ ಬಂದಿತ್ತು, ಅಂಗಡಿಗೆ ಬೀಗ ಹಾಕಿದ್ದರು. ಹಾಲು ಕುಡಿಸುತ್ತಿದ್ದರು, ಬೆನ್ನು ಒರೆಸುತ್ತಿದ್ದರು. ಗುಣವಾಗಿಬಿಟ್ಟಾಳು ಎಂದು ನಾನೂ ನಂಬಿದ್ದೆ. ಒಂದು ಬೆಳಿಗ್ಗೆ ರಕ್ತ ಕೆಮ್ಮಿದಳು, ನಿಲ್ಲಲಿಲ್ಲ. ಬಾವನ ತೊಡೆಯ ಮೇಲೆಯೇ ಹೋದಳು.

ದೇಹ ಒಯ್ಯಬೇಕಾದರೆ ಕಚೇರಿಯಲ್ಲಿ ಬರೆಸಬೇಕು. ನಾನೇ ಬಾವನನ್ನು ಕೈಹಿಡಿದು ಕರೆದೊಯ್ದು ಗುಮಾಸ್ತರ ಮೇಜಿನ ಮುಂದೆ ಕೂರಿಸಿದೆ. ಗುಮಾಸ್ತರಿಗೆ ಅದು ದಿನದ ಕೆಲಸ, ತಲೆ ಎತ್ತದೆ ಕೇಳುತ್ತ ಹೋದರು. ಬಾವ ಹೆಸರು ಹೇಳಿದರು. ಊರು ಹೇಳಿದರು.

"ವಯಸ್ಸು?"

ಬಾವ ತಡವರಿಸಿದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.

"ಒಂದೀಟು ತಡೀರಿ. ಒಳಗ ಅದಾಳ, ಕೇಳ್ಕೊಂಡು ಬರ್ತೀನಿ."

ಗುಮಾಸ್ತರು ಪೆನ್ನು ಹಿಡಿದೇ ನಕ್ಕುಬಿಟ್ಟರು. ಅವರ ತಪ್ಪಿಲ್ಲ, ನಾನು ಆ ಕುರ್ಚಿಯಲ್ಲಿದ್ದರೆ ನಾನೂ ನಗುತ್ತಿದ್ದೆ. ಬಾವ ವರಾಂಡದಲ್ಲಿ ದಾಪುಗಾಲು ಹಾಕಿ ಹೋಗುತ್ತಿದ್ದರು. ನಾನು ಹಿಂದೆಯೇ ಓಡಿದೆ. ಹೊತ್ತುಕೊಂಡಿದ್ದ ಸಿಟ್ಟೆಲ್ಲ ಆ ವರಾಂಡದಲ್ಲೇ ಬಿದ್ದುಹೋಯಿತು. ಬಾಗಿಲು ಮುಟ್ಟುವಷ್ಟರಲ್ಲಿ ಅವರು ಹಾಸಿಗೆಯ ಹತ್ತಿರ ಬಗ್ಗಿ, ಬಿಳಿ ಬಟ್ಟೆ ಸರಿಸಿ, ಏನೋ ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ಆಕಿ ಏನೂ ಹೇಳವಲ್ಲಳು."